ಬತ್ತೀಸ ಪುತ್ತಳಿಯೂ ಸಿನಿಮಾದ ಯಂತ್ರನಾರಿಯೂ

ಕಳೆದ ತಿಂಗಳು ರಜೆಗೆಂದು ಯಲಹಂಕದ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳೊಡನೆ ಕುಳಿತು ಹಿಂದಿ ಚಿತ್ರವೊಂದನ್ನು ನೋಡಿದೆ. 2024ರಲ್ಲಿ ತೆರೆಕಂಡ ಅದರ ಹೆಸರು 'ತೇರಿ ಬಾತೋಂ ಮೇ ಐಸಾ ಉಲ್ಝಾ ಜಿಯಾ'. ಶಾಹಿದ್ ಕಪೂರ್ ನಾಯಕ, ಕೃತಿ ಸನೋನ್ ನಾಯಕಿ. ನಾಯಕಿಯೆಂದರೆ ಮನುಷ್ಯಳಲ್ಲ, ಸಿಫ್ರಾ ಎಂಬ ಹೆಸರಿನ ಯಂತ್ರ. ಅದು ಯಂತ್ರವೆಂದು ತಿಳಿದ ಮೇಲೂ ನಾಯಕ ಅದನ್ನೇ ಮದುವೆಯಾಗಲು ಮನೆಗೆ ಕರೆತರುತ್ತಾನೆ. ಮನೆಯವರಿಗೆ ಗುಟ್ಟು ತಿಳಿಯದು. ಇಂಥ ವಿಧೇಯ ಸೊಸೆ ಸಿಕ್ಕಳಲ್ಲಾ ಎಂದು ಅವರಿಗೆ ಹಿಗ್ಗು. ನಾನೂ ನಗುತ್ತಲೇ ನೋಡುತ್ತಿದ್ದೆ. ಏಳನೆಯ ತರಗತಿಯ ಮೊಮ್ಮಗಳು ಮಾತ್ರ ನಗಲಿಲ್ಲ. "ತಾತ, ಅವಳಿಗೆ ಇಷ್ಟ ಇದೆಯೋ ಇಲ್ಲವೋ ಅಂತ ಯಾರೂ ಕೇಳೋದಿಲ್ವಾ?" ಎಂದಳು.

ಯಂತ್ರಕ್ಕೆಂತಹ ಇಷ್ಟಾನಿಷ್ಟ ಎಂದು ಅವಳ ಬಾಯಿ ಮುಚ್ಚಿಸಬಹುದಿತ್ತು. ಆದರೆ ಅದು ಸುಳ್ಳಾಗುತ್ತಿತ್ತು. ಏಕೆಂದರೆ ಗಂಡು ಯಂತ್ರಕ್ಕೆ ನಮ್ಮ ಸಿನಿಮಾದವರು ಎಂದೋ ಇಷ್ಟಾನಿಷ್ಟಗಳನ್ನು ದಯಪಾಲಿಸಿದ್ದಾರೆ. ನಮ್ಮ ಕನ್ನಡದ 'ಹಾಲಿವುಡ್' ನಿಮಗೆ ನೆನಪಿರಬಹುದು. 2002ರಲ್ಲಿ ಬಂದ, ದಿನೇಶ್ ಬಾಬು ನಿರ್ದೇಶನದ ಆ ಚಿತ್ರದಲ್ಲಿ ಉಪೇಂದ್ರ ಅವರಿಗೆ ಮೂರು ಪಾತ್ರಗಳು. ಅವುಗಳಲ್ಲೊಂದು ಯಂತ್ರಮಾನವ. ಆ ಯಂತ್ರಮಾನವನೂ ನಾಯಕಿಗೆ ಮನಸೋಲುತ್ತಾನೆ. 2010ರ ತಮಿಳು 'ಎಂದಿರನ್'ನಲ್ಲಿ ರಜನಿಕಾಂತ್ ಅವರ ಚಿಟ್ಟಿಗೂ ಇದೇ ಪಾಡು. ಸೈನ್ಯಕ್ಕೆಂದು ನಿರ್ಮಿತನಾದ ಚಿಟ್ಟಿ, ತನ್ನನ್ನು ಸೃಷ್ಟಿಸಿದ ವಿಜ್ಞಾನಿಯ ಪ್ರೇಯಸಿಯನ್ನೇ ಬಯಸಿ, ಮದುವೆಯ ಮಂಟಪದಿಂದ ಹೊತ್ತೊಯ್ಯುತ್ತಾನೆ. ಅಲ್ಲಿ ಯಂತ್ರದ ಬಯಕೆಯೇ ಕಥೆ; ಐಶ್ವರ್ಯಾ ರೈ ಪಾತ್ರ ಇಬ್ಬರ ನಡುವಿನ ಪಂದ್ಯದ ಪದಕ.

ಅದೇ ಚಿತ್ರದ ಇನ್ನೊಂದು ದೃಶ್ಯ ನನ್ನನ್ನು ಇಂದಿಗೂ ಕಾಡುತ್ತದೆ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸ್ನಾನ ಮಾಡುತ್ತಿದ್ದ ಹುಡುಗಿಯೊಬ್ಬಳನ್ನು ಚಿಟ್ಟಿ ಹಾಗೆಯೇ ಎತ್ತಿ ಜನರ, ಕ್ಯಾಮೆರಾಗಳ ಮುಂದೆ ತರುತ್ತಾನೆ. ನಾಚಿಕೆಯಿಂದ ಓಡಿದ ಆಕೆ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಆ ಸಾವಿನಿಂದ ಕಥೆ ಕಲಿಯುವ ಪಾಠ ಒಂದೇ: ಯಂತ್ರಕ್ಕೆ ಭಾವನೆಗಳನ್ನು ಕಲಿಸಬೇಕು! ಹೆಣ್ಣೊಬ್ಬಳು ಸತ್ತದ್ದು ಗಂಡು ಯಂತ್ರದ ವಿದ್ಯಾಭ್ಯಾಸಕ್ಕಾಗಿ. ಹುಡುಗಿಯ ಹೆಸರೂ ನಮಗೆ ನೆನಪಿನಲ್ಲಿ ಉಳಿಯುವುದಿಲ್ಲ. 2018ರಲ್ಲಿ ಬಂದ ಮುಂದುವರಿದ ಭಾಗದಲ್ಲಿ ನೀಲಾ ಎಂಬ ಹೆಣ್ಣು ಯಂತ್ರ ಬಂತು. ಅದು ವಿಜ್ಞಾನಿಯ ಸಹಾಯಕಿ.

ಹೊರದೇಶದವರೂ ಈ ವಿಷಯದಲ್ಲಿ ನಮಗಿಂತ ಬಹಳ ಮುಂದಿಲ್ಲ. 1927ರ ಜರ್ಮನ್ ಚಿತ್ರ 'ಮೆಟ್ರೊಪೊಲಿಸ್'ನಲ್ಲಿ ಕಾರ್ಮಿಕರನ್ನು ದಾರಿ ತಪ್ಪಿಸಲು ಬಳಸಿದ್ದು ಹೆಣ್ಣಿನ ರೂಪದ ಯಂತ್ರ. ಕೊನೆಗೆ ಅದನ್ನು ಸುಡುತ್ತಾರೆ. 2014ರ 'ಎಕ್ಸ್ ಮಶಿನಾ'ದಲ್ಲಿ ಏವಾ ಎಂಬ ಯಂತ್ರ ತನ್ನನ್ನು ಕೂಡಿಹಾಕಿದವನನ್ನು ಕೊಂದು ಹೊರಬೀಳುತ್ತದೆ. ಒಂದೋ ಸೇವಕಿ, ಇಲ್ಲವೇ ಮಾರಿ. ಏವಾ ಹೊರಬಿದ್ದಾಗ ನನಗೆ ಒಳಗೊಳಗೇ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ, ಬೇಕಾದರೆ ಬೈದುಕೊಳ್ಳಿ.

ವಿರಾಮದ ಪೀರಿಯಡ್‌ಗಳಲ್ಲಿ ನಾನು ನಿಮಗೆ ಹೇಳುತ್ತಿದ್ದ ಬತ್ತೀಸ ಪುತ್ತಳಿಯ ಕಥೆಯನ್ನು ಇಲ್ಲಿ ನೆನೆಯದಿರಲಾರೆ. ವಿಕ್ರಮಾದಿತ್ಯನ ಸಿಂಹಾಸನ ಭೋಜರಾಜನಿಗೆ ದೊರೆಯುತ್ತದೆ. ಅದನ್ನೇರಲು ಅವನು ಕಾಲಿಟ್ಟಾಗಲೆಲ್ಲ ಒಂದೊಂದು ಬೊಂಬೆ ಬಾಯಿ ತೆರೆದು ತಡೆಯುತ್ತದೆ. ವಿಕ್ರಮನ ಔದಾರ್ಯದ ಕಥೆಯೊಂದನ್ನು ಹೇಳಿ, ನಿನ್ನಲ್ಲಿ ಈ ಗುಣವಿದ್ದರೆ ಹತ್ತು ಎನ್ನುತ್ತದೆ. ಅಂತಹ ಬೊಂಬೆಗಳು ಒಟ್ಟು ಮೂವತ್ತೆರಡು, ಎಲ್ಲವೂ ಹೆಣ್ಣು. ಕೂತಿದ್ದವನು ಅರಸನೇ, ಕೂರಬಯಸಿದವನೂ ಅರಸನೇ. ಆದರೂ ಅವನ ಯೋಗ್ಯತೆಯನ್ನು ಅಳೆಯುವ ಅಧಿಕಾರವನ್ನು ನಮ್ಮ ಹಿರಿಯ ಕಥೆಗಾರರು ಆ ಬೊಂಬೆಗಳಿಗೆ ಕೊಟ್ಟರು. ಸಿಫ್ರಾಗೆ ಆ ಭಾಗ್ಯವಿಲ್ಲ.

ಇದೆಲ್ಲ ಬರೀ ಸಿನಿಮಾ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ನನ್ನ ಮಗ ಕೇಳಿದ. ಅವನಿಗೆ ವ್ಯೋಮಮಿತ್ರಳನ್ನು ನೆನಪಿಸಿದೆ. ನಮ್ಮ ಮನೆಯಿಂದ ಹೆಬ್ಬಾಳ ದಾಟಿ ಹೊಸ ಬಿ.ಇ.ಎಲ್. ರಸ್ತೆಗೆ ಹೋದರೆ ಇಸ್ರೋದ ಅಂತರಿಕ್ಷ ಭವನ ಸಿಗುತ್ತದೆ. ಆ ಸಂಸ್ಥೆ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಈ ಹೆಣ್ಣುರೂಪದ ಯಂತ್ರವನ್ನು ಲೋಕಕ್ಕೆ ಪರಿಚಯಿಸಿತು. ಕಾಲುಗಳಿಲ್ಲದ ಅರ್ಧದೇಹದ ಅದು ತನ್ನ ಪರಿಚಯವನ್ನು ತಾನೇ ಹೇಳಿಕೊಂಡಿತು. ಗಗನಯಾನದ ಮಾನವರಹಿತ ಹಾರಾಟದಲ್ಲಿ ಅದನ್ನು ಕಳುಹಿಸುವ ಯೋಜನೆ. ಗುಂಡಿ ಒತ್ತುವುದು, ಎಚ್ಚರಿಕೆ ನೀಡುವುದು, ಗಗನಯಾನಿಗಳೊಡನೆ ಮಾತನಾಡುವುದು ಅದರ ಕೆಲಸಗಳಲ್ಲಿ ಸೇರಿವೆ. 2024ರ ಫೆಬ್ರವರಿಯಲ್ಲಿ ಗಗನಯಾನಕ್ಕೆ ಆಯ್ಕೆಯಾದವರ ಹೆಸರುಗಳು ಪ್ರಕಟವಾದವು. ನಾಲ್ವರೂ ವಾಯುಪಡೆಯವರು, ನಾಲ್ವರೂ ಗಂಡಸರು. ಅವರ ಯೋಗ್ಯತೆಯ ಬಗ್ಗೆ ನನ್ನದು ಚಕಾರವಿಲ್ಲ. 2019ರ ಚಂದ್ರಯಾನ-2ಕ್ಕೆ ಯೋಜನಾ ನಿರ್ದೇಶಕಿಯಾಗಿ ಎಂ. ವನಿತಾ ಅವರನ್ನು, ಮಿಷನ್ ನಿರ್ದೇಶಕಿಯಾಗಿ ರಿತು ಕರಿಧಾಲ್ ಅವರನ್ನು ನೇಮಿಸಿದ್ದ ಸಂಸ್ಥೆಯೂ ಅದೇ. ಆದರೂ ಹೆಣ್ಣಿನ ಬೊಂಬೆಗೆ ಮೊದಲ ಟಿಕೆಟು, ಹೆಣ್ಣಿಗೆ ಆಮೇಲೆ ಎಂಬುದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಇಷ್ಟು ಹೇಳುವ ನಾನೇನು ಸಾಚಾ? ಒಂದು ವರ್ಷ ವಿಜ್ಞಾನದ ಮೇಷ್ಟ್ರು ದೀರ್ಘ ರಜೆಯಲ್ಲಿದ್ದಾಗ, ವಿಜ್ಞಾನ ವಸ್ತುಪ್ರದರ್ಶನದ ಹೊಣೆ ಕನ್ನಡದ ಮೇಷ್ಟ್ರಾದ ನನ್ನ ಹೆಗಲಿಗೆ ಬಿತ್ತು. ತೊಟ್ಟಿ ತುಂಬಿದೊಡನೆ ಗಂಟೆ ಬಾರಿಸುವ ಮಾದರಿಯನ್ನು ಆರಿಸಿದೆವು. ತಂತಿ, ಬ್ಯಾಟರಿ, ಗಂಟೆಗಳನ್ನು ಹುಡುಗರ ಕೈಗೆ ಕೊಟ್ಟೆ. ಸ್ಪಷ್ಟ ಉಚ್ಚಾರಣೆಯ ಹುಡುಗಿಯೊಬ್ಬಳನ್ನು ಕರೆದು, ಬಂದ ಅತಿಥಿಗಳಿಗೆ ನಗುಮುಖದಿಂದ ವಿವರಿಸಬೇಕೆಂದು ಹೇಳಿ, ನಾನೇ ಬರೆದ ಎರಡು ಪುಟಗಳ ವಿವರಣೆಯನ್ನು ಬಾಯಿಪಾಠ ಮಾಡಿಸಿದೆ. "ಸಾರ್, ನಾನು ಬರೀ ಹೇಳೋದಾ?" ಎಂದು ಅವಳು ಕೇಳಿದಳು. ಹೌದಮ್ಮಾ, ನಿನ್ನ ಧ್ವನಿ ಚೆನ್ನಾಗಿದೆ ಎಂದೆ. ಅದನ್ನು ಹೊಗಳಿಕೆಯೆಂದೇ ಭಾವಿಸಿದ್ದೆ. ಪ್ರದರ್ಶನದ ದಿನ ನಡುವೆ ಗಂಟೆ ಕೆಟ್ಟಿತು. ಹುಡುಗರು ಊಟಕ್ಕೆ ಹೋಗಿದ್ದರು. ಅತಿಥಿಗಳು ಬಂದು ನಿಂತಿದ್ದರು. ಅವಳು ತಂತಿಯತ್ತ ಕೈ ಚಾಚಿದಾಗ "ಮುಟ್ಟಬೇಡ, ಹುಡುಗರು ಬರಲಿ" ಎಂದು ಗದರಿದೆ.

ಆ ತಂತಿಯನ್ನು ಜೋಡಿಸಲು ಅವಳಿಗೆ ಬರುತ್ತಿತ್ತೇ ಎಂದು ನಾನು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಇದನ್ನು ಓದುತ್ತಿದ್ದರೆ, ತಾಯೀ, ಒಂದು ಸಾಲು ಬರೆದು ತಿಳಿಸು.