ಬೋರ್ತ್‌ನ ಕಡಲಲ್ಲೊಂದು ಕಾಡು

ವೇಲ್ಸ್‌ನ ಪಶ್ಚಿಮ ಕರಾವಳಿಯಲ್ಲಿ, ಅಬೆರಿಸ್ಟ್‌ವಿತ್ ಪಟ್ಟಣದಿಂದ ರೈಲಲ್ಲಿ ಕಾಲು ಗಂಟೆ ಹೋದ್ರೆ ಬೋರ್ತ್ ಅನ್ನೋ ಊರು ಸಿಗುತ್ತೆ. ಇರೋದು ಉದ್ದನೆಯ ಒಂದು ಬೀದಿ. ಅದರ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ವಿಶಾಲವಾದ ಜೌಗುನೆಲ.

ಇಲ್ಲಿಗೆ ಹೋಗೋದಾದ್ರೆ ಇಳಿತದ ಸಮಯ ನೋಡ್ಕೊಂಡು ಹೋಗಿ. ನೀರು ಹಿಂದೆ ಸರಿದಾಗ, ಮರಳು ಮುಚ್ಚಿರದಿದ್ರೆ, ಕಪ್ಪನೆಯ ಮರದ ಬೊಡ್ಡೆಗಳು ಕಾಣಿಸುತ್ತವೆ. ಓಕ್, ಪೈನ್, ಬರ್ಚ್ ಮರಗಳಿದ್ದ ಕಾಡು ಅದು. ಸತ್ತು ಸುಮಾರು 4,500 ವರ್ಷಗಳಾಗಿವೆ. 2014ರ ಬಿರುಗಾಳಿಗಳು ಮರಳನ್ನು ಕೊಚ್ಚಿಕೊಂಡು ಹೋದಾಗ ಇನ್ನಷ್ಟು ಬೊಡ್ಡೆಗಳು ಹೊರಬಿದ್ದವು. ನಾನು ಒಂದನ್ನು ಮುಟ್ಟಿ ನೋಡಿದೆ. ಕಲ್ಲಾಗಿಲ್ಲ, ಇನ್ನೂ ಮರವೇ! ಗಾಳಿಯಾಡದ ಜೌಗುಮಣ್ಣು ಅದನ್ನು ಕೊಳೆಯದಂತೆ ಕಾಪಾಡಿದೆ.

ಅಲ್ಲಿನ ಜನಪದ ಕತೆ ಬೇರೆಯೇ ಹೇಳುತ್ತೆ. ಕಾಂತ್ರೇರ್ ಗ್ವೈಲೊಡ್ ಎಂಬ ರಾಜ್ಯ ಇಲ್ಲಿತ್ತಂತೆ. ಸಮುದ್ರದ ಒಡ್ಡಿನ ತೂಬು ಕಾಯಬೇಕಿದ್ದ ಸೈಥೆನಿನ್ ಕುಡಿದು ಮೈಮರೆತನಂತೆ. ರಾತ್ರೋರಾತ್ರಿ ಎಲ್ಲಾ ಮುಳುಗಿತಂತೆ. ನೀರಡಿಯ ಗಂಟೆಗಳ ಸದ್ದು ಈಗಲೂ ಕೇಳಿಸುತ್ತಂತೆ.

ಬೊಡ್ಡೆಗಳನ್ನು ಕೇಳಿದ್ರೆ ಯಾರೂ ಕುಡಿದಿರಲಿಲ್ಲ. ಹಿಮಯುಗ ಮುಗಿದ ಮೇಲೆ ಕಡಲಮಟ್ಟ ಮೆಲ್ಲಗೆ ಏರುತ್ತಾ ಬಂತು. ಮೊದಲು ಬೇರಿನ ನೆಲ ಜೌಗಾಯ್ತು, ಆಮೇಲೆ ಉಪ್ಪುನೀರು ಬಂತು.

ಇವತ್ತು ಕಡಲು ಮತ್ತೆ ಏರುತ್ತಿದೆ. ಬೋರ್ತ್ ತನ್ನ ತೀರಕ್ಕೆ ಬಂಡೆಗಳನ್ನು ಪೇರಿಸಿಕೊಂಡು ನಿಂತಿದೆ. ಈ ಸಲ ಇದಕ್ಕೆ ಮುಖ್ಯ ಕಾರಣ ಮನುಷ್ಯರು ಸುಡುತ್ತಿರೋ ಕಲ್ಲಿದ್ದಲು, ತೈಲ. ಪಾಪ, ಸೈಥೆನಿನ್ ಒಬ್ಬನ ತಲೆಗೆ ಕಟ್ಟೋಕೆ ಆಗಲ್ಲ.