ಗುಂಟೆ ನಲವತ್ತನ್ನು ಮುಟ್ಟಬಾರದು

ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಎರೆಭೂಮಿಯ ಊರಿನಲ್ಲಿ ಅತಿವೃಷ್ಟಿಯಿಂದ ಬೆಳೆ ಕೊಳೆತರೆ, ಪರಿಹಾರದ ಹಣ ನೇರವಾಗಿ ರೈತನ ಬ್ಯಾಂಕ್ ಖಾತೆಗೆ ಬರುತ್ತದೆ. ಪಹಣಿ, ಬೆಳೆ ಸಮೀಕ್ಷೆ, ಆಧಾರ್ ಪರಸ್ಪರ ತಾಳೆಯಾದರೆ ಮಾತ್ರ. ಒಂದು ಅಂಕಿ ತಪ್ಪಿದರೂ ಹಣ ನಿಲ್ಲಬಹುದು. ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದವು. ಕೈಬರಹದ ತಪ್ಪುಗಳೂ ಅವುಗಳೊಡನೆ ಕಂಪ್ಯೂಟರ್ ಹೊಕ್ಕವು.

ಇಂಥ ತಪ್ಪುಗಳನ್ನು ತಾವಾಗಿಯೇ ಹುಡುಕುವ ತಂತ್ರಾಂಶಗಳು ಈಗ ಉಚಿತವಾಗಿಯೇ ಲಭ್ಯ. 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಅಂಥದೊಂದು. ದತ್ತಾಂಶ ಹೇಗಿರಬೇಕೆಂಬ ನಿಯಮವನ್ನು ಒಮ್ಮೆ ಬರೆದಿಟ್ಟರೆ, ಹೊಸ ಮಾಹಿತಿ ಬಂದಾಗಲೆಲ್ಲ ಅದನ್ನು ಪರೀಕ್ಷಿಸಿ ಹೊಂದದ ಸಾಲುಗಳನ್ನು ತೋರಿಸುತ್ತದೆ. ಆದರೆ ಮೊದಲ ದಿನವೇ ಇಡೀ ರಾಜ್ಯದ ದಾಖಲೆಗಳ ಮೇಲೆ ನೂರು ನಿಯಮ ಹೇರುವ ಉತ್ಸಾಹ ನನಗೆ ಸರಿಕಾಣದು. ಒಂದು ಊರು, ಒಂದು ಕೋಷ್ಟಕ, ನಾಲ್ಕು ನಿಯಮ ಸಾಕು.

ಆ ನಿಯಮಗಳು ಹಳೆಯ ಶಾನುಭೋಗರಿಗೂ ಗೊತ್ತಿದ್ದವೇ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಗುಂಟೆಯ ಅಂಕಣದಲ್ಲಿ 40 ಅಥವಾ ಅದಕ್ಕೂ ಹೆಚ್ಚಿನ ಸಂಖ್ಯೆ ಇರಕೂಡದು. ಜಂಟಿ ಖಾತೆದಾರರ ಕ್ಷೇತ್ರಗಳ ಮೊತ್ತ ಆಕಾರಬಂದಿನ ವಿಸ್ತೀರ್ಣಕ್ಕೆ ಸಮನಾಗಬೇಕು. ಖಾತೆದಾರರ ಹೆಸರು ಖಾಲಿ ಇರಬಾರದು. ಬೆಳೆಯ ಕ್ಷೇತ್ರ ಹೊಲದ ಕ್ಷೇತ್ರವನ್ನು ಮೀರಬಾರದು.

ಈ ಕೊನೆಯದರಲ್ಲೇ ಅಪಾಯವಿದೆ. ಈ ಸೀಮೆಯಲ್ಲಿ ಮುಂಗಾರಿನಲ್ಲಿ ಹೆಸರು ಬೆಳೆದ ಹೊಲದಲ್ಲೇ ಹಿಂಗಾರಿಗೆ ಕಡಲೆ ಬಿತ್ತುವುದುಂಟು. ಬೆಂಗಳೂರಿನಲ್ಲಿ ಕುಳಿತ ಎಂಜಿನಿಯರ್ ವರ್ಷದ ಬೆಳೆಗಳನ್ನೆಲ್ಲ ಕೂಡಿಸಿದರೆ ನಾಲ್ಕು ಎಕರೆಯ ಪ್ರಾಮಾಣಿಕ ರೈತ ಎಂಟು ಎಕರೆಯ ಸುಳ್ಳುಗಾರನಾಗುತ್ತಾನೆ. ಆದ್ದರಿಂದ ನಿಯಮ ಹಂಗಾಮುವಾರು ಇರಬೇಕು. ಅದನ್ನು ಬರೆಯುವಾಗ ಊರಿನ ಒಬ್ಬ ಒಕ್ಕಲಿಗನನ್ನಾದರೂ ಕೇಳಬೇಕು.

ಪರೀಕ್ಷೆಯಲ್ಲಿ ಸೋತ ಸಾಲನ್ನು ತಿರಸ್ಕರಿಸುವ ಅಧಿಕಾರವನ್ನು ಯಂತ್ರಕ್ಕೆ ಕೊಡಲೇಬಾರದೆಂಬುದು ನನ್ನ ಖಚಿತ ನಿಲುವು. ಆ ಪಟ್ಟಿ ಗ್ರಾಮ ಆಡಳಿತ ಅಧಿಕಾರಿಯ ಕೈಗೆ ಹೋಗಲಿ. ಸರ್ವೆ ನಂಬರುಗಳಷ್ಟನ್ನೇ ಪಂಚಾಯಿತಿ ಗೋಡೆಗೂ ಅಂಟಿಸಲಿ. ಅದೂ ಪರಿಹಾರ ಬಿಡುಗಡೆಯಾದ ಮೇಲಲ್ಲ, ಬಿತ್ತನೆಗೆ ಮೊದಲೇ, ತಿದ್ದುಪಡಿಗೆ ಅರ್ಜಿ ಕೊಡಲು ರೈತನಿಗೆ ಸಮಯವಿರುವಾಗ.

ಇಷ್ಟೆಲ್ಲ ಮಾಡಿದರೂ, ಎಂದೋ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ನಾಲ್ಕೂ ನಿಯಮಗಳಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. ಅದನ್ನು ಹಿಡಿಯಲು ಮರಣ ನೋಂದಣಿಯೊಡನೆ ತಾಳೆ ನೋಡುವ ಐದನೆಯ ನಿಯಮ ಬೇಕು. ಆಮೇಲೆ ಮನೆಗೇ ಹೋಗಿ ಪೌತಿ ಖಾತೆ ಮಾಡಿಕೊಡುವ ನೌಕರನೂ ಬೇಕು.