ಕತ್ತಿಯನ್ನು ಒರೆಗೆ ಸೇರಿಸಿದ ರಾಜಕುಮಾರ

ಅಕ್ಕನ ಮಗನಿಗೆ ಹನ್ನೆರಡು ವರ್ಷ. ಬೇಸಿಗೆ ರಜೆಗೆ ಮನೆಗೆ ಬಂದಿದ್ದಾಗ ಲ್ಯಾಪ್‌ಟಾಪಿನಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಹಾಕಿಕೊಟ್ಟೆ. 1989ರ ಆಟ. ಐದೇ ನಿಮಿಷಕ್ಕೆ ದೂರು ಶುರುವಾಯಿತು: “ಮಾಮಾ, ಇವನು ಹೇಳಿದ ಮಾತೇ ಕೇಳಲ್ಲ. ಕೀ ಬಿಟ್ಟಮೇಲೂ ಓಡ್ತಾನೆ.” ರಾಜಕುಮಾರ ಅಂಚಿನಲ್ಲಿ ನಿಲ್ಲದೆ ಚೂಪು ಸಲಾಕೆಗಳ ಮೇಲೆ ಬಿದ್ದಿದ್ದ.

ಹಳೆಯ ವಿಡಿಯೋ ಗೇಮುಗಳು ಇವತ್ತಿನವರಿಗೆ ಹಿಡಿಸುತ್ತವೆಯೇ ಎಂದು ಯಾರಾದರೂ ಕೇಳಿದರೆ ನನ್ನ ವಯಸ್ಸಿನವರು ತಡವಿಲ್ಲದೆ ಹೌದು ಎನ್ನುತ್ತೇವೆ. ಶಾಲೆಯ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಂದು ಕಂಪ್ಯೂಟರಿಗೆ ಮೂವರು ಕೂತು, ಮೇಷ್ಟ್ರು ಆಚೆ ಹೋಗುವುದನ್ನೇ ಕಾದು ಆಡಿದ ಆಟ ‘ಪ್ರಿನ್ಸ್ ಆಫ್ ಪರ್ಷಿಯಾ’. ಆ ಸುಖ ಆಟದ್ದೋ, ನಮ್ಮ ಆ ವಯಸ್ಸಿನದೋ? ಇಂಥ ವಿಚಾರಣೆಯಲ್ಲಿ ನೆನಪಿನ ಸಾಕ್ಷಿ ನಡೆಯದು. ಅಂಥ ಯಾವ ನೆನಪೂ ಇಲ್ಲದ ಹುಡುಗನಿಗೂ ರುಚಿಸಿದರೆ ಮಾತ್ರ ಆಟ ಉಳಿದಿದೆ ಎನ್ನಬಹುದು.

ಎಲ್ಲವೂ ಉಳಿದಿಲ್ಲ. 1997ರಲ್ಲಿ ನಿಂಟೆಂಡೊ 64ಕ್ಕೆ ಬಂದ ‘ಗೋಲ್ಡನ್‌ಐ’ ಆ ಕಾಲಕ್ಕೆ ಬೆರಗು ಹುಟ್ಟಿಸಿದ ಶೂಟಿಂಗ್ ಆಟ. ಅದರ ಕಂಟ್ರೋಲರಿಗೆ ಇದ್ದದ್ದು ಒಂದೇ ಸ್ಟಿಕ್. ಒಂದರಿಂದ ನಡೆಯುವುದು, ಇನ್ನೊಂದರಿಂದ ನೋಡುವುದು ಎಂದು ಪಳಗಿದ ಈಗಿನ ಕೈಗೆ ಅದು ಕಟ್ಟಿಹಾಕಿದಂತೆ ಇರುತ್ತದೆ. ಇನ್ನೊಂದು ತೊಡಕೂ ಇದೆ. ಅದು ಸಿನಿಮಾದಂತೆ ಕಾಣಲು ಹೊರಟ ಆಟ. ನಿಜವನ್ನು ಹೋಲುವುದೇ ಹೆಚ್ಚುಗಾರಿಕೆಯಾದರೆ ಮುಂದಿನ ಪ್ರತಿ ಯಂತ್ರವೂ ಹಿಂದಿನದನ್ನು ಸೋಲಿಸುತ್ತದೆ. 1990ರ ದಶಕದ ಮೂರು ಆಯಾಮದ ಬಹಳಷ್ಟು ಆಟಗಳು ಹೀಗೆಯೇ ಹಿಂದೆ ಬಿದ್ದವು.

ಆದರೆ ಅದಕ್ಕೂ ಮುಂಚಿನ ಈ ರಾಜಕುಮಾರ ಯಾಕೆ ಇನ್ನೂ ಓಡುತ್ತಿದ್ದಾನೆ? ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ಯುವಕ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದರ ಒಂದೊಂದು ಚಿತ್ರವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡ. ಆದ್ದರಿಂದಲೇ ರಾಜಕುಮಾರನಿಗೆ ಮೈಭಾರವಿದೆ. ಓಡುವವನು ತಟಕ್ಕನೆ ನಿಲ್ಲಲಾರ. ನಿಮ್ಮಂತೆ, ನನ್ನಂತೆ ಇನ್ನೊಂದು ಹೆಜ್ಜೆ ಇಟ್ಟೇ ನಿಲ್ಲುತ್ತಾನೆ. ಹುಡುಗ ದೂರಿದ್ದು ಇದನ್ನೇ. ಶಿಫ್ಟ್ ಕೀ ಒತ್ತಿ ಹಿಡಿದರೆ ಅದೇ ರಾಜಕುಮಾರ ಎಚ್ಚರದಿಂದ ಹೆಜ್ಜೆ ಹಾಕುತ್ತಾನೆ, ಅಂಚಿಗೆ ಬಂದು ನಿಲ್ಲುತ್ತಾನೆ. ಅದನ್ನು ತೋರಿಸಿದ ಮೇಲೆ ಹುಡುಗನ ಆಟವೇ ಬದಲಾಯಿತು. ಕೈ ನಿಧಾನವಾಯಿತು. ಹಾರುವ ಮುಂಚೆ ಹಿಂದೆ ಸರಿದು ಎಷ್ಟು ಓಟ ಬೇಕೆಂದು ಲೆಕ್ಕ ಹಾಕತೊಡಗಿದ.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ದೊಡ್ಡದು. ಆಟ ಮೊದಲು ತಯಾರಾದ ಆಪಲ್ 2 ಕಂಪ್ಯೂಟರಿನಲ್ಲಿ ಹೊಸ ಶತ್ರುವೊಬ್ಬನ ಚಿತ್ರಗಳನ್ನು ಇಡಲು ಮೆಮೊರಿ ಉಳಿದಿರಲಿಲ್ಲ. ಮೆಕ್ನರ್ ರಾಜಕುಮಾರನ ಚಿತ್ರಗಳನ್ನೇ ತುಸು ಸರಿಸಿ, ಅವುಗಳ ಮೇಲೇ ಬೆರೆಸಿ, ಮಿನುಗುವ ನೆರಳೊಂದನ್ನು ಪಡೆದ. ನಾಲ್ಕನೆಯ ಲೆವೆಲ್ಲಿನಲ್ಲಿ ದಾರಿಗೆ ಅಡ್ಡ ನಿಂತ ಕನ್ನಡಿಯನ್ನು ಹಾರಿ ದಾಟಿದರೆ ಆ ನೆರಳು ಅತ್ತ ಕಡೆಯಿಂದ ಚಿಮ್ಮಿ ಓಡುತ್ತದೆ. ಮುಂದೆ ನೀವು ಕುಡಿಯಬೇಕಾದ ಮದ್ದನ್ನು ಅದೇ ಕುಡಿಯುತ್ತದೆ, ಬಾಗಿಲು ಮುಚ್ಚುತ್ತದೆ. ಹನ್ನೆರಡನೆಯದರಲ್ಲಿ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಹೊಡೆದರೆ ನಿಮ್ಮ ಪ್ರಾಣವೇ ಕಡಿಮೆಯಾಗುತ್ತದೆ. ಆಟದಲ್ಲಿ ಯಾರೂ ಉಪಾಯ ಹೇಳಿಕೊಡುವುದಿಲ್ಲ. ಮಾಡಬೇಕಾದದ್ದು ಇಷ್ಟೇ: ಕತ್ತಿಯನ್ನು ಒರೆಗೆ ಸೇರಿಸುವುದು. ನೆರಳೂ ಹಾಗೆಯೇ ಮಾಡುತ್ತದೆ. ಆಗ ಅದರತ್ತ ನಡೆದರೆ ಇಬ್ಬರೂ ಒಂದಾಗುತ್ತಾರೆ.

ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಕ್ಷಮೆ ಇರಲಿ, ಆದರೆ ನನ್ನ ವಾದವೆಲ್ಲ ಅಲ್ಲಿಯೇ ಇದೆ. ಒಂದು ಮಾತಿಲ್ಲದೆ, ಆಡುವವನ ಬೆರಳಿನ ಮೂಲಕವೇ ಹೇಳಿದ ಕಥೆ ಅದು. ಅದಕ್ಕೆ ಹೊಳೆಯುವ ಗ್ರಾಫಿಕ್ಸ್ ಬೇಕಾಗಿಲ್ಲ. ಚೌಕಾಬಾರಕ್ಕೆ ನಾಲ್ಕು ಕವಡೆ ಮತ್ತು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಮನೆಗಳು ಸಾಕಲ್ಲವೇ? ಆಟ ಬಾಳುವುದು ನಿಯಮದಲ್ಲಿ. ಇರುವ ಕೊರತೆಯನ್ನು ಮುಚ್ಚಿಡದೆ ಅದನ್ನೇ ನಿಯಮ ಮಾಡಿಕೊಂಡ ಆಟಕ್ಕೆ ವಯಸ್ಸಾಗುವುದಿಲ್ಲ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿತ್ನೋವ್ ಬೀಳುವ ಇಟ್ಟಿಗೆಗಳ ‘ಟೆಟ್ರಿಸ್’ ಆಟ ಬರೆದ ಎಲೆಕ್ಟ್ರೋನಿಕಾ 60 ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಸೌಲಭ್ಯವೇ ಇರಲಿಲ್ಲ. ಅಕ್ಷರದ ಚಿಹ್ನೆಗಳನ್ನು ಜೋಡಿಸಿ ಇಟ್ಟಿಗೆ ಮಾಡಿದ. ಆ ಆಟದ ನಿಂಟೆಂಡೊ ಆವೃತ್ತಿಯನ್ನು, ಮುಂದಕ್ಕೆ ಹೋಗಲಾರದೆ ಯಂತ್ರವೇ ಸ್ತಬ್ಧವಾಗುವವರೆಗೆ, ಮೊದಲ ಬಾರಿಗೆ ಆಡಿದ್ದು 2023ರ ಡಿಸೆಂಬರಿನಲ್ಲಿ, ಅಮೆರಿಕದ ಹದಿಮೂರು ವರ್ಷದ ಒಬ್ಬ ಹುಡುಗ.

ಹಾಗಾದರೆ ಕೊರತೆ ಇರುವುದು ಆಡುವವರಲ್ಲಲ್ಲ, ಆಟ ಸಿಗುವುದರಲ್ಲಿ. ಅಮೆರಿಕದ ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್’ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ. 87ರಷ್ಟು ಆಗ ಮಾರುಕಟ್ಟೆಯಲ್ಲಿರಲಿಲ್ಲ. ರಾಜಕುಮಾರನ ಆಟದ ಸೋರ್ಸ್ ಕೋಡ್ ಕೂಡ ಕಳೆದೇ ಹೋಗಿತ್ತು. 2012ರಲ್ಲಿ ಮೆಕ್ನರನ ತಂದೆ ಕಳಿಸಿದ ಹಳೆಯ ಪೆಟ್ಟಿಗೆಯೊಂದರಲ್ಲಿ ಅದಿದ್ದ ಫ್ಲಾಪಿಗಳು ಸಿಕ್ಕಿದವು. ಮೆಕ್ನರ್ ಅದನ್ನು ಎಲ್ಲರಿಗೂ ತೆರೆದಿಟ್ಟ.

ನಿಮ್ಮ ಮನೆಯ ಮಕ್ಕಳಿಗೂ ಒಮ್ಮೆ ಹಾಕಿಕೊಡಿ. ಹೊಗಳಿಕೆಯ ಪೀಠಿಕೆ ಬೇಡ, ನಿಮ್ಮ ಕಾಲದ ಕಥೆ ಬೇಡ. ಶಿಫ್ಟ್ ಕೀ ಯಾವುದಕ್ಕೆ ಎಂದಷ್ಟೇ ಹೇಳಿ, ಪಕ್ಕದಲ್ಲಿ ಕೂತುಕೊಳ್ಳಿ.